ಎದುರುಮನೆಯ ನೀರಿನ ಡಬ್ಬಿ

ನೀರು ಕುದಿಯುವುದನ್ನು ಕಾಯುತ್ತ ನಿಲ್ಲುವುದು ಎಂಥ ಬೇಸರದ ಕೆಲಸ ಎಂದು ನನಗೆ ಗೊತ್ತಾದದ್ದು ಆ ಮಳೆಗಾಲದಲ್ಲಿ. ಹಾಲಾದರೆ ಉಕ್ಕುತ್ತದೆ, ಕೊನೆಯಲ್ಲಿ ಒಂದು ಗಾಬರಿಯಾದರೂ ಇರುತ್ತದೆ. ಬೇಳೆಯಾದರೆ ಕುಕ್ಕರ್ ಕೂಗಿ ಕರೆಯುತ್ತದೆ. ನೀರಿಗೆ ಇದ್ಯಾವುದೂ ಇಲ್ಲ. ತನ್ನ ಪಾಡಿಗೆ ತಾನು ಕುದಿಯುತ್ತದೆ, ಅಡುಗೆಮನೆ ತುಂಬ ಹಬೆ ಬಿಡುತ್ತದೆ, ಆಮೇಲೆ ಆರುವುದಕ್ಕೆ ಅರ್ಧ ದಿನ ತೆಗೆದುಕೊಳ್ಳುತ್ತದೆ. ದೆಹಲಿಯ ಆ ಬೆವರು ಸುರಿಸುವ ದಿನಗಳಲ್ಲಿ ಒಲೆಯ ಮುಂದೆ ನಿಂತು ನಾನೂ ಅರ್ಧ ಬೆಂದುಹೋಗಿದ್ದೆ.

ದ್ವಾರಕಾದ ನಮ್ಮ ಸೊಸೈಟಿ ಸರ್ಕಾರಿ ನೌಕರರು ಸೇರಿ ಕಟ್ಟಿಸಿಕೊಂಡದ್ದು. ಹಾಗಾಗಿ ಇಲ್ಲಿ ನಿಯಮ ಎಲ್ಲರಿಗೂ ಗೊತ್ತು, ಕೆಲಸ ಯಾರಿಗೂ ಗೊತ್ತಿಲ್ಲ. ನಾನೂ ಗುಮಾಸ್ತೆಯಾಗಿ ಸೇರಿ ಸೆಕ್ಷನ್ ಆಫೀಸರಾಗಿ ನಿವೃತ್ತಳಾದವಳೇ, ಆದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ. ಒಂದು ದೊಡ್ಡ ಮಳೆ ಹೊಡೆದ ಮಾರನೆಯ ದಿನ ನಲ್ಲಿಯ ನೀರು ವಾಸನೆ ಬಂತು. ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಸಿಂಕ್ ಸರಿಯಾಗಿ ತೊಳೆದಿಲ್ಲ ನೀನು" ಅಂದರು. ಪ್ರತಿ ಮನೆಯಲ್ಲೂ ಯಾರೋ ಒಬ್ಬರು ಇದನ್ನೇ ಅಂದಿರಬೇಕು. ಸಂಜೆಯ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ವಾಂತಿ ಭೇದಿಯ ಸುದ್ದಿ ಒಂದರ ಹಿಂದೆ ಒಂದು ಬಂತು. ಹಿಂದಿನ ಗೇಟಿನ ಹತ್ತಿರ ಚರಂಡಿಯ ಪೈಪು ಒಡೆದು, ಆ ನೀರು ನೆಲದೊಳಗಿನ ದೊಡ್ಡ ಟ್ಯಾಂಕಿಗೆ ಇಳಿದಿತ್ತು. ಎಲ್ಲ ಮನೆಯ ನಲ್ಲಿಗೂ ಅದೇ ಟ್ಯಾಂಕು.

ಮೀಟಿಂಗ್ ಕರೆದರು. ಪೈಪು ಯಾರ ಜವಾಬ್ದಾರಿ ಎಂಬ ಬಗ್ಗೆ ಒಳ್ಳೆಯ ಚರ್ಚೆ ನಡೆಯಿತು. ಕುಡಿಯುವುದಕ್ಕೆ ಏನು ಮಾಡೋಣ ಅಂತ ನಾನು ಕೇಳಿದೆ. ನಮ್ಮನೇಲಿ ಆರ್‌ಓ ಇದೆ, ನಮ್ಮನೇಲೂ ಇದೆ ಎಂದು ಎಲ್ಲರೂ ಹೇಳಿದರು. ಆರ್‌ಓ ಕಂಪನಿಯವನಿಗೆ ಫೋನ್ ಮಾಡಿದರೆ, ಇಂಥ ನೀರನ್ನು ಅದರಲ್ಲಿ ಹಾಯಿಸಲೇಬೇಡಿ, ಮೆಷಿನ್ನಿನ ಒಳಗನ್ನೆಲ್ಲ ಬದಲಾಯಿಸುವವರೆಗೆ ಕುಡಿಯಬೇಡಿ ಎಂದ. ಬದಲಾಯಿಸಲು ಯಾವಾಗ ಬರುತ್ತೀಯ ಅಂದರೆ ಫೋನ್ ಇಟ್ಟ. ಕ್ಯಾನ್ ನೀರಿನ ಭಯ್ಯಾನ ಫೋನಂತೂ ಹತ್ತಲೇ ಇಲ್ಲ.

ಬೆಳಿಗ್ಗೆ ಗೇಟಿಗೆ ಟ್ಯಾಂಕರ್ ಬರತೊಡಗಿತು. ನೀರು ಸ್ವಲ್ಪ ಹಳದಿ, ತಳದಲ್ಲಿ ಮರಳು. ನಾನೂ ಮಗಳೂ ಬಕೆಟ್ಟುಗಳನ್ನು ಲಿಫ್ಟಿನಲ್ಲಿ ತರುತ್ತಿದ್ದೆವು. ಕನ್ನಡದವರೆಲ್ಲ ಸೇರಿ ಗಣಪತಿ ಕೂರಿಸುವಾಗ ಬಿಸಿಬೇಳೆಬಾತ್ ಮಾಡುವ ಭಾರೀ ಪಾತ್ರೆ ನಮ್ಮ ಅಟ್ಟದ ಮೇಲಿರುತ್ತದೆ. ಅದನ್ನು ಇಳಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಮುಚ್ಚಿಡುತ್ತಿದ್ದೆ. ಸೋಸುವ ಬಟ್ಟೆ ಯಜಮಾನರ ಹೊಸ ಪಂಚೆ. ಅವರಿಗೆ ಸೊಂಟನೋವು, ಬಕೆಟ್ ಎತ್ತುವ ಹಾಗಿಲ್ಲ. ಆ ಪಂಚೆಯೇ ಅವರ ಕೊಡುಗೆ. ಅದನ್ನು ಕಂಡವರಿಗೆಲ್ಲ ಅವರೇ ಹೇಳಿಕೊಂಡೂ ಬಂದರು. ಹಾಗಾಗಿ ನಮ್ಮ ಮನೆಯಲ್ಲಿ ಕುದಿಸಿದ ನೀರು ಸಿಗುತ್ತದೆ ಎಂಬುದು ಕೆಳಗಿನ ಮಹಡಿಯವರಿಗೂ ಗೊತ್ತಾಯಿತು, ಡಬ್ಬಿ ಬಾಟಲಿಗಳು ಬಾಗಿಲಿಗೆ ಬರತೊಡಗಿದವು.

"ಅಮ್ಮಾ, ಬಸ್ ಕರೋ, ಸಾಕು ಮಾಡು," ಅಂದಳು ಮಗಳು. "ಎಲ್ಲಾರಿಗೂ ನೀನೇ ಯಾಕೆ? ನಿಂಗೆ ಬಿಪಿ ಇದೆ, ಯಾದ್ ಹೈ ನಾ?"

ಅವಳು ಹೇಳಿದ್ದು ಸರಿಯೇ. ಅರ್ಧ ಜನ ತಮ್ಮ ಮನೆಯಲ್ಲೇ ಕುದಿಸಿಕೊಳ್ಳಬಹುದಿತ್ತು. ಬಾಗಿಲ ಬೆಲ್ಲು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು, ನಗುತ್ತಲೇ ಬಾಗಿಲು ತೆಗೆಯುತ್ತಿದ್ದೆ. ಆದರೆ ಎದುರುಮನೆಯವರಿಗಂತೂ ಇಲ್ಲ ಅನ್ನುವ ಹಾಗಿರಲಿಲ್ಲ.

ಎದುರುಮನೆಯಲ್ಲಿ ಪಂಜಾಬಿ ದಂಪತಿ. ಆಕೆ ನನಗೆ ದೀದಿ, ಆಕೆಯ ಗಂಡ ಭಾಯಿಸಾಬ್. ಹಿಂದಿನ ವರ್ಷ ಭಾಯಿಸಾಬ್‌ಗೆ ಕಿಡ್ನಿ ಬದಲಾಯಿಸಿದ್ದರು. ಕಿಡ್ನಿ ಕೊಟ್ಟವರು ದೀದಿಯೇ. ಈ ವಯಸ್ಸಿನಲ್ಲಿ ಬೇಡ ಎಂದು ಡಾಕ್ಟರು ಹಿಂದೆಮುಂದೆ ನೋಡಿದರೂ ಆಕೆ ಬಿಟ್ಟಿರಲಿಲ್ಲ. ಬಂದ ಕಿಡ್ನಿಯನ್ನು ಮೈ ತಿರಸ್ಕರಿಸಬಾರದೆಂದು ಭಾಯಿಸಾಬ್ ನುಂಗುವ ಮಾತ್ರೆಗಳು ರೋಗ ತಡೆಯುವ ಅವರ ಮೈಯ ಶಕ್ತಿಯನ್ನೇ ಕುಗ್ಗಿಸಿಬಿಟ್ಟಿದ್ದವು. ನಮಗೆ ಒಂದು ದಿನದ ಹೊಟ್ಟೆನೋವು ಆಗುವಂಥದ್ದು ಅವರಿಗೆ ಕಿಡ್ನಿಯನ್ನೇ ಕಳೆದೀತು. ದೀದಿಯೇ ಕುದಿಸಿಕೊಳ್ಳೋಣವೆಂದರೆ ಮಳೆಯಲ್ಲಿ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಭಾಯಿಸಾಬ್ ಭಾರ ಎತ್ತುವಂತಿಲ್ಲ. ಹೀಗಾಗಿ ಅವರ ಸ್ಟೀಲ್ ಡಬ್ಬಿಗೆ ಮೊದಲು ನೀರು, ಆಮೇಲೆ ಉಳಿದವರಿಗೆ ಎಂದು ನಾನು ಗೊತ್ತುಮಾಡಿಕೊಂಡಿದ್ದೆ. ಬಿಸಿ ಡಬ್ಬಿಯನ್ನು ಒಂದೇ ಕೈಯಲ್ಲಿ ಹಿಡಿಯುವುದು ಕಷ್ಟ, ಆದ್ದರಿಂದ ಪೂರ್ತಿ ಆರಿದ ನೀರನ್ನೇ ತುಂಬಿ ಕೊಡುತ್ತಿದ್ದೆ.

ನಮ್ಮಿಬ್ಬರ ಮನೆಯ ನಡುವೆ ಪಾತ್ರೆಗಳ ಓಡಾಟ ಹಳೆಯದು. ನಾವು ಈ ಮನೆಗೆ ಬಂದ ಹೊಸತರಲ್ಲಿ ದೀದಿ ಒಂದು ಬಟ್ಟಲು ಕಢಿ, ಅವರ ಕಡೆಯ ಮಜ್ಜಿಗೆಹುಳಿ, ಕಳಿಸಿದ್ದರು. ನಮ್ಮ ಕಡೆ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಇಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಸಕ್ಕರೆ, ಅದೂ ಇಲ್ಲವೆಂದರೆ ತಳದಲ್ಲಿ ಒಂದಿಷ್ಟು ನೀರು ಬಿಟ್ಟಾದರೂ ಕೊಡುತ್ತೇವೆ. ನಾನು ಸಕ್ಕರೆ ಹಾಕಿ ಕೊಟ್ಟೆ, ಈ ಪದ್ಧತಿಯನ್ನೂ ಹೇಳಿದೆ. ದೀದಿಗೆ ಖುಷಿಯೋ ಖುಷಿ. ತಮ್ಮಲ್ಲೂ ಹೀಗೇ, ಆದರೆ ನೀರು ಬಿಡುವುದು ಹೊಸದು ಎಂದರು. ಅಂದಿನಿಂದ ಇಷ್ಟು ವರ್ಷ ಆ ಬಾಗಿಲಿಗೂ ಈ ಬಾಗಿಲಿಗೂ ನಡುವೆ ಖಾಲಿ ಪಾತ್ರೆ ದಾಟಿದ್ದೇ ಇಲ್ಲ. ಚಕ್ಕುಲಿ ಹೋದರೆ ಗಜ್ಜರಿ ಹಲ್ವಾ ಬಂತು. ಜಗಳವಾಡಿ ಮಾತು ಬಿಟ್ಟಿದ್ದ ಒಂದು ಚಳಿಗಾಲದಲ್ಲೂ ನನ್ನ ತಟ್ಟೆ ನಾಲ್ಕು ಕಾಳು ಸೋಂಪಿನೊಂದಿಗೇ ವಾಪಸು ಬಂದಿತ್ತು.

ಟ್ಯಾಂಕ್ ತೊಳೆಯುವವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ದಿನಗಳು ಹೋದವು. ಅಷ್ಟರಲ್ಲಿ ಭಾಯಿಸಾಬ್‌ಗೆ ಭೇದಿ ಹಿಡಿಯಿತು, ಜೊತೆಗೆ ಜ್ವರ. ಮಧ್ಯಾಹ್ನ ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು. ಲಿಫ್ಟ್ ಮುಚ್ಚುವ ಮುಂಚೆ ದೀದಿ ನನ್ನ ಕಡೆ ನೋಡಿದ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ದೂರು ಹೇಳುವುದಕ್ಕೆ ಬೇರೆಯವರಿದ್ದರು. ಮೇಲಿನ ಮಹಡಿಯ ಹೆಂಗಸೊಬ್ಬರು ಬಾಯಿತುಂಬ ಕನಿಕರ ತುಂಬಿಕೊಂಡು, "ಅವರು ಕುಡೀತಾ ಇದ್ದದ್ದು ನಿಮ್ಮ ಮನೆ ನೀರೇ ಅಲ್ವಾ?" ಎಂದು ಹಿಂದಿಯಲ್ಲಿ ವಿಚಾರಿಸಿದರು. ಮನೆಗೆ ಬಂದರೆ ಯಜಮಾನರು ಆಫೀಸಿನ ಎನ್‌ಕ್ವೈರಿಯ ಹಾಗೆ ಕೂತಿದ್ದರು.

"ಕುದಿ ಬಂದ ಮೇಲೂ ಒಲೆ ಮೇಲೆ ಇಡ್ತಿದ್ದೆ ತಾನೇ?"

"ಇಡ್ತಿದ್ದೆ."

"ಮುಚ್ಚಳ?"

"ನಾಳೆಯಿಂದ ನೀವೇ ಕುದಿಸಿ," ಅಂದೆ. ಅವರು ಪೇಪರ್ ಬಿಡಿಸಿದರು.

ನನಗೆ ಅವಮಾನವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಅದೇ ನೀರನ್ನು ನಾವು ಮೂವರೂ ಕುಡಿಯುತ್ತಿದ್ದೆವು, ಕೆಳಗಿನ ಮನೆಗಳವರು ಕುಡಿಯುತ್ತಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಅವರಿಗೆ ಮಾತ್ರ ಯಾಕೆ? ಒಲೆಯ ಮುಂದೆ ನಿಂತು ಇದನ್ನೇ ಮತ್ತೆ ಮತ್ತೆ ಯೋಚಿಸುತ್ತಿದ್ದೆ. ಕುದಿಸುವುದನ್ನು ನಿಲ್ಲಿಸೋಣವೆಂದರೆ ಆಸ್ಪತ್ರೆಯಲ್ಲಿ ದೀದಿಗೂ ನೀರು ಬೇಕಿತ್ತು.

ಆಕೆ ಹಗಲು ಒಂದಿಷ್ಟು ಹೊತ್ತು ಸ್ನಾನಕ್ಕೆಂದು ಮನೆಗೆ ಬರುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಡಬ್ಬಿ ತಂದುಕೊಟ್ಟು ಬಾಗಿಲಲ್ಲೇ ನಿಂತರು. ನಾನು ಬಾಲ್ಕನಿಯ ಬೆಳಕಿನಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ತಳದಲ್ಲಿ ಒಂದು ಬೊಗಸೆಯಷ್ಟು ನೀರು. ದಿನವೂ ಅಷ್ಟು ಇರುತ್ತಿತ್ತು. ನಾನೇ ಕುದಿಸಿ ಕೊಟ್ಟದ್ದರಲ್ಲಿ ಉಳಿದದ್ದು, ಚೆಲ್ಲುವುದೇಕೆ ಎಂದು ಅದರ ಮೇಲೆಯೇ ತುಂಬುತ್ತಿದ್ದೆ. ಆದರೆ ಆವತ್ತು ಅದರಲ್ಲಿ ಕಂದು ಬಣ್ಣದ ಎಳೆಯೊಂದು ತೇಲುತ್ತಿತ್ತು. ಪಂಚೆಯಲ್ಲಿ ಸೋಸಿದ ನೀರಿನಲ್ಲಿ ಅದು ಇರಲು ಸಾಧ್ಯವಿರಲಿಲ್ಲ.

"ದೀದಿ, ನಿನ್ನೆಯ ನೀರು ಉಳಿದಿತ್ತಾ?"

"ಉಳಿಯೋದೆಲ್ಲಿ ಬಂತು? ಒಂದು ಹನಿ ಬಿಡದೆ ಬಾಟಲಿಗೆ ಬಗ್ಗಿಸಿಕೊಂಡೆ."

"ಮತ್ತೆ ಇದು?"

"ವೋ ತೋ ಶಗುನ್ ಕಾ ಹೈ," ಅಂದರು. ಶುಭಕ್ಕೆ ಬಿಟ್ಟದ್ದು. "ಖಾಲಿ ಬರ್ತನ್ ಕೈಸೆ ದೇ ದೂಂ ತುಮ್ಹೇಂ? ಬರಿದಾದ ಪಾತ್ರೆ ಹೇಗೆ ಕೊಡಲಿ? ಸಕ್ಕರೆ ಹಾಕಿದರೆ ಅವರ ನೀರಿಗೇ ಸೇರುತ್ತೆ, ಅವರಿಗೆ ಶುಗರ್ ಬೇರೆ. ಅದಕ್ಕೇ ನೀನು ಹೇಳಿದ ಹಾಗೆ ನೀರು ಬಿಟ್ಟೆ."

"ನಲ್ಲೀದಾ?"

"ಔರ್ ಕ್ಯಾ? ನೀನು ಒಲೆ ಮುಂದೆ ನಿಂತು ಕುದಿಸಿದ ನೀರನ್ನ ಶಗುನ್‌ಗೆ ಅಂತ ದಂಡ ಮಾಡಲಾ?"

ಕುಡಿಯುವುದಕ್ಕೆ ಆ ನಲ್ಲಿಯ ನೀರನ್ನು ಆಕೆ ಮುಟ್ಟಿರಲಿಲ್ಲ, ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದಕ್ಕೂ ನನ್ನ ನೀರನ್ನೇ ಬಳಸುತ್ತಿದ್ದರು. ಪದ್ಧತಿಗೆ ಬಿಟ್ಟ ನೀರು ಆಕೆಯ ಲೆಕ್ಕದಲ್ಲಿ ಕುಡಿಯುವ ನೀರೇ ಅಲ್ಲ. ಹಾಗೆ ನೋಡಿದರೆ ನನ್ನ ಲೆಕ್ಕದಲ್ಲೂ ಅಲ್ಲ. ಆಕೆಯ ಜಾಗದಲ್ಲಿ ನಾನಿದ್ದರೂ ಕೈ ತನ್ನಷ್ಟಕ್ಕೆ ತಾನೇ ನಲ್ಲಿ ತಿರುಗಿಸುತ್ತಿತ್ತು.

ಹೇಳುವುದು ಬೇಡ ಎನ್ನಿಸಿತು. ಸುಮ್ಮನೆ ಡಬ್ಬಿಯನ್ನು ಬದಲಾಯಿಸಿಬಿಡೋಣ, ಏನಾದರೂ ನೆಪ ಹೇಳೋಣ ಅಂದುಕೊಂಡೆ. ಆದರೆ ಹೊಸ ಡಬ್ಬಿಯೂ ಖಾಲಿಯಾಗಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಹೇಳಿದೆ. ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ, ನನ್ನ ಮುರುಕು ಹಿಂದಿಯಲ್ಲಿ.

ದೀದಿ ನಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತರು. ಡಬ್ಬಿಯ ಕಡೆ ಬೆರಳು ತೋರಿದರು.

"ಕಿಡ್ನಿ ಭೀ ಮೈನೇ ದೀ," ಅಂದರು. ಕೊಟ್ಟವಳೂ ನಾನೇ. "ಔರ್ ಯೇ ಭೀ." ಈ ನೀರನ್ನು ಕೊಟ್ಟವಳೂ.

ಅದರಿಂದಲೇ ಆದದ್ದು ಅಂತ ಯಾರೂ ಹೇಳಲಾರರು, ಊಟದಿಂದಲೂ ಆಗಿರಬಹುದು, ನೋಡದೆ ತುಂಬಿದವಳು ನಾನು ಎಂದೆಲ್ಲ ಹೇಳಿದೆ. ಆಕೆ ಎಡಗೈಯಿಂದ ನನ್ನ ಬಾಯಿ ಮುಚ್ಚುವವರಂತೆ ಸನ್ನೆ ಮಾಡಿ ಎದ್ದುಹೋದರು. ನಾನು ಕುದಿಯುವ ನೀರು ಸುರಿದು ಡಬ್ಬಿಯನ್ನು ತೊಳೆದೆ. ಕೈಗೆ ಹಾರಿ ಸುಟ್ಟಿತು. ಅಳು ಬಂತು, ಸುಟ್ಟದ್ದಕ್ಕೆ ಎಂದು ಮಗಳಿಗೆ ಹೇಳಿದೆ.

ಮಾರನೆಯ ದಿನ ಬೆಲ್ಲು ಆಗಲಿಲ್ಲ. ಪೇಪರ್ ತೆಗೆದುಕೊಳ್ಳಲು ಬಾಗಿಲು ತೆರೆದರೆ ಹೊಸಲಿನ ಆಚೆ ಡಬ್ಬಿ ಕವುಚಿಕೊಂಡಿತ್ತು, ಮುಚ್ಚಳ ಪಕ್ಕದಲ್ಲಿ. ಕೈಯಿಂದ ಕೈಗೆ ಖಾಲಿ ಪಾತ್ರೆ ಕೊಡಲು ದೀದಿಗೆ ಆಗಿರಲಿಲ್ಲ. ನಾನು ಬಿಸಿನೀರಲ್ಲಿ ತೊಳೆದು, ತುಂಬಿ, ಅವರ ಬಾಗಿಲ ಮುಂದೆ ಇಟ್ಟು ಬಂದೆ. ಅಲ್ಲಿಂದಾಚೆ ದಿನವೂ ಹಾಗೆಯೇ ನಡೆಯಿತು, ಕಳ್ಳತನದ ವ್ಯಾಪಾರದ ಹಾಗೆ. ಆಸ್ಪತ್ರೆಯ ಸುದ್ದಿ ಗಾರ್ಡ್ ಭಯ್ಯಾನಿಂದ ತಿಳಿಯುತ್ತಿತ್ತು. ಒಂದು ದಿನ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂದ. ಆವತ್ತು ನಾನು ಯಾರಿಗೂ ನೀರು ಕೊಡಲಿಲ್ಲ, ಅವರೊಬ್ಬರ ಡಬ್ಬಿ ಬಿಟ್ಟು. ಬೆಲ್ಲು ಹೊಡೆದವರು ಹೊಡೆದು ಸುಸ್ತಾಗಿ ಹೋದರು.

ಕೊನೆಗೂ ಟ್ಯಾಂಕ್ ತೊಳೆಯುವವರು ಬಂದರು. ಪೈಪು ಜೋಡಿಸಿದರು. ನೀರಿನ ಪರೀಕ್ಷೆ ಆಗುವವರೆಗೆ ಕುದಿಸಿಯೇ ಕುಡಿಯಿರಿ ಎಂದು ನೋಟಿಸ್ ಅಂಟಿಸಿದರು. ಜನರ ಡಬ್ಬಿಗಳು ಕಡಿಮೆಯಾದವು. ಹೇಗೂ ಎಲ್ಲರಿಗೂ ಸಾಕಾಗಿತ್ತು, ಎಲ್ಲರಿಗಿಂತ ಹೆಚ್ಚು ನನಗೆ.

ಒಂದು ಬೆಳಿಗ್ಗೆ ಮತ್ತೆ ಬೆಲ್ಲು. ಒಲೆಯ ಮೇಲೆ ಪಾತ್ರೆ ಇಟ್ಟಿದ್ದೆ, ಬೈದುಕೊಳ್ಳುತ್ತಲೇ ಬಂದು ತೆಗೆದೆ. ಭಾಯಿಸಾಬ್ ನಿಂತಿದ್ದರು. ಮೂಗು ಬಾಯಿಗೆ ಮಾಸ್ಕ್, ಕುರ್ತಾ ಹೆಗಲಿನಿಂದ ಜೋತುಬಿದ್ದಿತ್ತು, ಒಂದು ಕೈ ಗೋಡೆಗೆ. ಹಿಂದೆ ಅವರ ಮನೆಯ ಬಾಗಿಲು ಅರ್ಧ ತೆರೆದಿತ್ತು, ಅದರ ಸಂದಿಯಲ್ಲಿ ದೀದಿಯ ದುಪಟ್ಟಾ ಕಾಣುತ್ತಿತ್ತು. ನಿನ್ನೆ ಸಂಜೆ ಬಂದೆವು, ಕಿಡ್ನಿ ಮತ್ತೆ ದಾರಿಗೆ ಬಂದಿದೆ ಅಂದರು.

"ಇವಳಿಗೆ ತರೋಕಾಗಲ್ಲವಂತೆ," ಎಂದರು ಹಿಂದಿಯಲ್ಲಿ. "ಅದಕ್ಕೇ ನಾನು ತಂದೆ."

ಅವರು ಡಬ್ಬಿಯ ಮುಚ್ಚಳ ತೆಗೆದು, ನನ್ನ ಕಡೆಗೆ ಬಗ್ಗಿಸಿ ತೋರಿಸಿದರು. ಒಳಗೆ ಒರೆಸಿ ಒಣಗಿಸಿದ ಸ್ಟೀಲು ಬಿಟ್ಟರೆ ಏನೂ ಇರಲಿಲ್ಲ.

"ದೇಖ್ ಲೋ, ಬೆಹನ್. ಬಿಲ್ಕುಲ್ ಖಾಲಿ."

ಆ ಮನೆಯಿಂದ ನನ್ನ ಕೈಗೆ ಬಂದ ಮೊದಲ ಖಾಲಿ ಪಾತ್ರೆ ಅದು. ಕುಂಕುಮದ ತಟ್ಟೆ ತೆಗೆದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡೆ.