ಸಾಂಬ್ರಾಣಿ ಹೊಗೆಯಲ್ಲಿ ಕೈಬದಲಾದ ಕೂಸು

ಯಲಿಯೂರಿನ ನಮ್ಮ ಮನೆಯ ಹಿಂದೆ ರೈಲು ಹೋಗುತ್ತದೆ. ಭಾನುವಾರ ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ ಅದರ ಸದ್ದು ದೂರದಿಂದ ಬಂದು ನಿದ್ದೆಯೊಳಗೆ ಇಳಿಯುತ್ತದೆ, ಇಳಿದು ಸ್ವಲ್ಪ ಹೊತ್ತಿಗೆ ಎಳೆಗೂಸಿನ ಉಸಿರಿನ ಹಾಗೆ ಕೇಳತೊಡಗುತ್ತದೆ. ಆಗ ನನ್ನ ತೋಳಿಗೆ ಒಂದು ಭಾರ ಬರುತ್ತದೆ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿದ, ಬೆಚ್ಚಗಿನ ಭಾರ. ಅದನ್ನು ಯಾರ ಕೈಗೋ ಕೊಡುತ್ತೇನೆ. ಕೊಟ್ಟ ಕೂಡಲೇ ಎಚ್ಚರವಾಗುತ್ತದೆ. ಕೈ ಖಾಲಿಯಿರುತ್ತದೆ, ರೈಲು ಮಂಡ್ಯದ ಕಡೆಗೆ ಹೋಗಿಯಾಗಿರುತ್ತದೆ.

ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿದ ವರ್ಷ ನಾನು ಒಬ್ಬ ವೈದ್ಯೆಯ ಸಂಶೋಧನೆಗೆ ಕೆಲಸಕ್ಕೆ ಸೇರಿದ್ದೆ. ಎಚ್‌ಐವಿ ಇರುವ ಬಸುರಿ ಮಾತ್ರೆ ತಪ್ಪಿಸದೆ ನುಂಗಿದರೆ, ಹುಟ್ಟಿದ ಕೂಸಿಗೆ ಹೇಳಿದಷ್ಟು ದಿನ ಸಿರಪ್ಪು ಹಾಕಿದರೆ, ಸೋಂಕು ಹೆರಿಗೆಯಲ್ಲಾಗಲಿ ಎದೆಹಾಲಿನಲ್ಲಾಗಲಿ ಮಗುವಿಗೆ ಹೋಗದಂತೆ ಬಹುಮಟ್ಟಿಗೆ ತಡೆಯಬಹುದು. ಇದು ಎಲ್ಲ ಡಾಕ್ಟರಿಗೂ ಗೊತ್ತಿರುವ ವಿಷಯ. ನಮ್ಮ ಮೇಡಂ ಕೇಳುತ್ತಿದ್ದುದು ಅದರ ಮುಂದಿನ ಪ್ರಶ್ನೆ: ಆ ತಾಯಿ ಬಾಣಂತನಕ್ಕೆ ತವರಿಗೆ ಹೋದ ಮೇಲೆ, ಹತ್ತು ಕಣ್ಣುಗಳ ನಡುವೆ, ಆ ಮಾತ್ರೆಯನ್ನು ಎಲ್ಲಿಟ್ಟುಕೊಳ್ಳುತ್ತಾಳೆ?

ಒಪ್ಪಿಗೆ ಕೊಟ್ಟ ತಾಯಂದಿರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಮೊದಲ ದಿನವೇ ಸಹಿ ಮಾಡಿದ್ದೆ. ಊರಿನವರಿಗೆ ನಾನು ಬಾಣಂತಿಯರ ಆರೋಗ್ಯ ವಿಚಾರಿಸುವವಳು, ಅಷ್ಟೆ. ಮಂಡ್ಯದಲ್ಲಿ ಬಸ್ಸು ಹತ್ತಿ ಮದ್ದೂರಿನಲ್ಲಿ ಇನ್ನೊಂದು ಹಿಡಿದು ಮಳವಳ್ಳಿ ಕಡೆಗೆ ಹೋಗುತ್ತಿದ್ದೆ. ಕಿಟಕಿಯಾಚೆ ಕಬ್ಬು, ನಾಲೆ, ಮತ್ತೆ ಕಬ್ಬು. ಎಷ್ಟೋ ಸಲ ಇಳಿಯುವ ಊರು ದಾಟಿದ್ದೇ ತಿಳಿಯುತ್ತಿರಲಿಲ್ಲ.

ಆ ತಾಯಂದಿರಲ್ಲಿ ಒಬ್ಬಳ ತವರು ಮಳವಳ್ಳಿಯಿಂದ ಸ್ವಲ್ಪ ಒಳಗೆ. ಅವಳನ್ನೂ ಅವಳ ಗಂಡನನ್ನೂ ಬಿಟ್ಟರೆ ಆ ಕಾಯಿಲೆಯ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾತ್ರೆಯನ್ನು, ಕೂಸಿಗೆ ತೇಯ್ದು ನೆಕ್ಕಿಸುವ ಬಜೆಯ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದಳು. ಆ ಮನೆಯಲ್ಲಿ ಆಗ ಇಬ್ಬರು ಬಾಣಂತಿಯರು. ಅವಳ ಅಣ್ಣನ ಹೆಂಡತಿಗೂ ಒಂದೂವರೆ ತಿಂಗಳ ಮುಂಚೆ ಹೆಣ್ಣು ಮಗುವಾಗಿತ್ತು. ಆ ಅತ್ತಿಗೆಗೆ ತಾಯಿ ಇರಲಿಲ್ಲ, ಹಾಗಾಗಿ ಅತ್ತೆಯೇ ಸೊಸೆಯ ಬಾಣಂತನವನ್ನೂ ಮಗಳ ಬಾಣಂತನವನ್ನೂ ಒಟ್ಟಿಗೆ ಮಾಡುತ್ತಿದ್ದರು. "ಎರಡು ಅಂಡೆ ನೀರು ಕಾಯಿಸ್ತೀನಿ ಕಣವ್ವ. ಒಂದೇ ಒಲೆ, ಒಂದೇ ಸೊಂಟ," ಎಂದು ಮೊದಲ ಸಲವೇ ನನಗೆ ಹೇಳಿದ್ದರು.

ಅವತ್ತು ನಾನು ಹೋದಾಗ ಎರಡು ಕೂಸುಗಳಿಗೂ ನೀರು ಹಾಕಿ ಮುಗಿದಿತ್ತು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು. ಕೆಂಡದ ಮೇಲೆ ಸಾಂಬ್ರಾಣಿ ಹಾಕಿದ್ದ ಹೊಗೆ ಮಂಚದ ಎತ್ತರಕ್ಕೆ ನಿಂತು ಅಲ್ಲಾಡದೆ ತೇಲುತ್ತಿತ್ತು. ಹೆಂಚಿನ ಸಂದಿಯಿಂದ ಇಳಿದ ಒಂದು ಬೆಳಕಿನ ಕೋಲು ಅದರಲ್ಲಿ ನೆಟ್ಟ ಹಾಗಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು, ಸೊಂಟಕ್ಕೆ ಸೀರೆ ಬಿಗಿದುಕೊಂಡು ಅವಳು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ನಿದ್ದೆಗಣ್ಣಿನಲ್ಲೇ ನಕ್ಕಳು. ನೀರಿನೊಳಗೆ ಕೂತು ಮಾತಾಡಿದಂತೆ, ಮೆಲ್ಲಗೆ, ನಾನು ಮಾತ್ರೆಯ ವಿಷಯ ಕೇಳಿದೆ, ಅವಳು ಡಬ್ಬಿಯ ಕಡೆ ಕಣ್ಣು ಮಾಡಿದಳು. ಬರೆದುಕೊಂಡೆ.

ಆಗ ಅವಳ ತಾಯಿ ಹೊಸಿಲಿನ ಆಚೆಯಿಂದ ಒಂದು ಕೂಸನ್ನು ನನ್ನ ಕಡೆಗೆ ಚಾಚಿದರು. ಅವರ ಕೈ ತುಂಬ ಎಣ್ಣೆ, ಹಿಂದೆ ಒಲೆಯ ಮೇಲೆ ಏನೋ ಉಕ್ಕುತ್ತಿತ್ತು.

"ಇಸ್ಕೊಳವ್ವ, ಅವಳ ಕೈಗೆ ಕೊಡು."

ಇಸಿದುಕೊಂಡೆ. ಅದೇ ಹಳೆಯ ಸೀರೆಯ ತುಂಡು, ಕೆನ್ನೆಯ ಮೇಲೆ ಅದೇ ದೊಡ್ಡ ಕಾಡಿಗೆಯ ಬೊಟ್ಟು. ಮಕ್ಕಳನ್ನು ಎತ್ತಿ ಅಭ್ಯಾಸವಿಲ್ಲದ ನನಗೆ ಒಂದೂವರೆ ತಿಂಗಳ ವ್ಯತ್ಯಾಸ ತೂಕದಲ್ಲಿ ತಿಳಿಯಲಿಲ್ಲ. ಅವಳದೇ ಮಗು ಎಂದುಕೊಂಡು ಅವಳ ಮಡಿಲಿಗೆ ಇಟ್ಟೆ. ಅವಳೂ ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡು ಎದೆಗೆ ಆನಿಸಿದಳು. ತಕ್ಷಣ ಅವಳ ಕಣ್ಣು ತೆರೆಯಿತು. ಅವಳ ತೋಳಿಗೆ ತೂಕ ಗೊತ್ತಿತ್ತು.

"ಇದರವ್ವ ಕಾಲೇಜು ಪರೀಕ್ಷೆ ಅಂತ ಮಳವಳ್ಳಿಗೆ ಓಗವ್ಳೆ, ಬರಾದು ಸಾಯಂಕಾಲ," ಎಂದರು ತಾಯಿ ಆಚೆಯಿಂದ. "ಡಬ್ಬಿ ಆಲು ಉಗೀತದೆ ಕಣಮ್ಮಿ ಇದು. ನೀನೇ ವಸಿ ಕುಡ್ಸು. ನಿಂದು ಸೋರೋಯ್ತಾ ಅದೆ."

ಕೋಣೆಯ ಮೂಲೆಯಲ್ಲಿ, ಹೊಗೆಯ ಕೆಳಗೆ, ಇನ್ನೊಂದು ಕೂಸು ತೊಟ್ಟಿಲಿನಲ್ಲಿ ನಿದ್ದೆ ಹೋಗಿದ್ದನ್ನು ನಾನು ಆಗ ನೋಡಿದೆ.

ಮುಂದಿನದು ಎಷ್ಟು ಹೊತ್ತು ನಡೆಯಿತು? ಒಂದು ನಿಮಿಷವೂ ಇರಲಾರದು. ನನ್ನೊಳಗೆ ಅದಕ್ಕೆ ಮುಗಿಯುವುದೇ ಗೊತ್ತಿಲ್ಲ. ಮಗು ಬಾಯಿ ತೆರೆದು ಹುಡುಕುತ್ತಿದೆ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ. ನನ್ನ ಕೈಯಲ್ಲಿ ಪೆನ್ನಿದೆ. ಕೊಡಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಆ ಮನೆಯಲ್ಲಿ ಅವಳ ಲೋಟ ಬೇರೆ, ಅವಳ ಚಾಪೆ ಬೇರೆ. ಹೇಳದಿದ್ದರೆ, ಸಿರಪ್ಪಿನ ಕಾವಲೂ ಇಲ್ಲದ ಆ ಮಗು. ಇಷ್ಟೆಲ್ಲ ಸ್ಪಷ್ಟವಾಗಿ ಗೊತ್ತಿತ್ತು, ಓದಿದವಳು.

"ಏನಮ್ಮಿ, ಕಲ್ಲಂಗೆ ಕುಂತ್ಕಂಡೆ? ಅಳೋ ಮಗೀಗೆ ಆಲು ಇಲ್ಲ ಅನ್ನಬಾರ್ದು. ಎದೆ ಬತ್ತೋಯ್ತದೆ."

"ಹರಕೆ ಕಟ್ಕಂಡಿವ್ನಿ ಕಣವ್ವ," ಎಂದಳು ಅವಳು.

"ಯಾವ್ ಅರಕೆ?"

"ವೈದ್ನಾತಪುರದ ದ್ಯಾವ್ರಿಗೆ. ನನ್ನ ಮಗಳ ಮುಡಿ ಕೊಡಗಂಟ ಈ ಹಾಲು ಇನ್ನೊಂದು ಬಾಯಿಗೆ ಬೀಳ್ಕೂಡದು ಅಂತ."

ತಾಯಿ ಒಳಗೆ ಬಂದು ನಿಂತರು. ಮಗಳನ್ನು ನೋಡಿದರು, ನನ್ನನ್ನು ನೋಡಿದರು. "ಇದ್ಯಾವ ಅರಕೆನಮ್ಮಿ, ಕೂಸಿನ ಬಾಯಿ ಕಟ್ಟೋ ಅರಕೆ. ನಂಗೊಂದು ಮಾತು ಏಳ್ದೆ ಒತ್ಕಂಡ್ಯಾ? ಓದ್ಕಂಡವಳು ನೀನಾದ್ರೂ ಏಳವ್ವ, ಇಂಗೂ ಉಂಟಾ?"

"ಇರುತ್ತೆ ಕಣಮ್ಮ," ಎಂದೆ. ಅವಳ ತಾಯಿಗೆ ನಾನು ಅವತ್ತು ಹೇಳಿದ್ದು ಅದೊಂದೇ ಮಾತು.

ಹರಕೆಗೆ ಆ ಮನೆಯಲ್ಲಿ ಎದುರು ಮಾತಿರಲಿಲ್ಲ. ಅವರು ಗೊಣಗುತ್ತಾ ಮಗುವನ್ನು ಎತ್ತಿಕೊಂಡು ಹೋಗಿ, ಒಳಲೆಯಲ್ಲಿ ಡಬ್ಬಿ ಹಾಲನ್ನೇ ಹಾಕತೊಡಗಿದರು. "ಕುಡಿ ಕಣಮ್ಮಿ, ನಿಮ್ಮತ್ತೆ ದೊಡ್ಡ ಭಕ್ತೆ," ಎನ್ನುವುದು ಕೇಳಿಸಿತು.

ನಾನು ಅವಳ ಪಕ್ಕ ಕೂತೆ. ಬಾಯಿ ಮುಟ್ಟಿತಾ ಎಂದು ಪಿಸುಮಾತಿನಲ್ಲಿ ಕೇಳಿದೆ.

"ಗೊತ್ತಿಲ್ಲ ಕಣಕ್ಕ," ಎಂದಳು. "ಸೆರಗು ಒದ್ದೆ ಆಗ್ಯದೆ. ಅದರ ಜೊಲ್ಲೋ, ನನ್ನ ಹಾಲೋ."

ಅವಳ ಎದುರಿಗೇ ಕೂತಿದ್ದ ನನಗೂ ಗೊತ್ತಿರಲಿಲ್ಲ. ಹೊಗೆಯಿತ್ತು. ಈಗಲೂ ನಿದ್ದೆಯಲ್ಲಿ ಆ ಹೊಗೆಯನ್ನು ಕೈಯಿಂದ ಸರಿಸಿ ನೋಡಲು ಹೋಗುತ್ತೇನೆ. ಕೆಲವು ಮಧ್ಯಾಹ್ನ ಮುಟ್ಟಿರುತ್ತದೆ, ಕೆಲವು ಮಧ್ಯಾಹ್ನ ಮುಟ್ಟಿರುವುದಿಲ್ಲ.

ಸಾಯಂಕಾಲ ಮಂಡ್ಯದಲ್ಲಿ ಮೇಡಂ ಎದುರು ಕೂತು ಹೇಳಿದೆ. ಕೂಸನ್ನು ಕೊಟ್ಟವಳು ನಾನೇ ಎಂಬುದನ್ನೂ ಹೇಳಿದೆ. ಅವರು ಅವಳ ಕಡತ ತೆಗೆದು ಬಹಳ ಹೊತ್ತು ನೋಡಿದರು. ಅವಳು ಮಾತ್ರೆ ಒಂದು ದಿನವೂ ಬಿಟ್ಟಿಲ್ಲ, ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಿದೆ, ಒಂದು ಗುಟುಕು ಹೋಗಿದ್ದರೂ ಅಪಾಯ ತೀರಾ ಕಡಿಮೆ ಎಂದರು. "ಆದರೂ ಆ ಮಗುವಿನ ರಕ್ತ ಪರೀಕ್ಷೆ ಆಗಬೇಕು. ಅದಕ್ಕೆ ಅದರ ತಾಯಿಗೆ ಗೊತ್ತಾಗಬೇಕು. ಹೇಳೋದು ನೀನೂ ಅಲ್ಲ, ನಾನೂ ಅಲ್ಲ." ಆಮೇಲೆ ನನ್ನ ಮುಂದಿನಿಂದ ಪ್ರಶ್ನೆಗಳ ಹಾಳೆ ಎಳೆದುಕೊಂಡು ಅದರ ಕೊನೆಯಲ್ಲಿ ಪೆನ್ನಿನಿಂದ ಒಂದು ಸಾಲು ಸೇರಿಸಿದರು: ಬೇರೆಯವರ ಮಗುವಿಗೆ ನಿಮ್ಮ ಹಾಲು ಕುಡಿಸಲು ಯಾರಾದರೂ ಹೇಳಿದ್ದಾರೆಯೇ? ಅಷ್ಟು ಓದಿದ ಅವರಿಗೂ, ಈ ಸೀಮೆಯಲ್ಲೇ ಹುಟ್ಟಿದ ನನಗೂ, ಅದನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಮೇಡಂ ಅವತ್ತೇ ಅವಳಿಗೆ ಫೋನು ಮಾಡಿ, ಆ ಮಗುವಿಗೆ ಪರೀಕ್ಷೆ ಆಗಬೇಕು, ಅತ್ತಿಗೆಗೆ ಹೇಳುವುದು ನಿನಗೆ ಬಿಟ್ಟದ್ದು ಎಂದು ತಿಳಿಸಿದರು. ಎರಡು ವಾರ ಏನೂ ಸುದ್ದಿ ಬರಲಿಲ್ಲ. ನಾನು ಬಸ್ಸಿನಲ್ಲಿ ಹೋಗುವಾಗ ಸೀರೆ ತುಂಡಿನ ಕೂಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತಿಗೆ ನಾದಿನಿ ಇಬ್ಬರೂ ಕೂತಿದ್ದರು, ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಅವಳು ತಾನಾಗಿಯೇ ಅತ್ತಿಗೆಗೆ ಎಲ್ಲ ಹೇಳಿದ್ದಳು. ಅತ್ತಿಗೆ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಮಗುವನ್ನೆತ್ತಿಕೊಂಡು ನಡಿ ಎಂದಿದ್ದಳು.

"ನಮ್ಮತ್ತೆಗೆ ಗೊತ್ತಿಲ್ಲ," ಎಂದಳು ಅತ್ತಿಗೆ ನನಗೆ, ಸಿಟ್ಟಿನಲ್ಲೇ. "ಗೊತ್ತಾಗಾದೂ ಬ್ಯಾಡ. ಲಸಿಕೆಗೆ ಅಂತ ಬಂದಿವ್ನಿ." ಆಮೇಲೆ ನಾದಿನಿಯ ಕಡೆ ತಿರುಗದೆಯೇ, "ಬಜೆ ಡಬ್ಬಿಲಿ ಮಡಗ್ತಾರಾ ಯಾರಾದ್ರೂ? ಅತ್ತೆ ದಿನಾ ತೇಯಕ್ಕೆ ಅದನ್ನೇ ತಗಿಯೋದು. ನನ್ನ ಪುಸ್ತಕದ ಚೀಲದಲ್ಲಿ ಮಡಗು ಇನ್ಮ್ಯಾಕೆ," ಎಂದಳು.

ಅತ್ತಿಗೆಯ ಮಗುವಿಗೆ ಸೋಂಕು ಇರಲಿಲ್ಲ. ಮತ್ತೆ ಮತ್ತೆ ಮಾಡಿದ ಪರೀಕ್ಷೆಯಲ್ಲೂ ಇರಲಿಲ್ಲ. ಮಾತ್ರೆ ಪುಸ್ತಕದ ಚೀಲಕ್ಕೆ ಹೋದ ಮೇಲೆ ಅವಳ ಮಗಳ ಪರೀಕ್ಷೆಗಳೂ ಒಂದೊಂದಾಗಿ ದಾಟಿದವು, ಒಂದೂವರೆ ವರ್ಷ ತುಂಬಿದ ಮೇಲೆ ಮಾಡುವ ಕೊನೆಯದೂ.

ಮೇಡಂ ಬರೆದ ಲೇಖನ ಹೊರದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಒಂದು ಪ್ರತಿ ನನಗೂ ಕೊಟ್ಟರು. ಆ ಕೋಣೆಯನ್ನು ಹುಡುಕಿಕೊಂಡು ಪುಟ ತಿರುವಿದೆ. ಕೂಡುಕುಟುಂಬಗಳಲ್ಲಿ ತಾಯಿಯ ಹಾಲನ್ನು ಹಂಚಿಕೊಳ್ಳುವ ರೂಢಿಯಿದೆ, ಸಮಾಲೋಚಕರು ಅದನ್ನು ಮುಂಚಿತವಾಗಿ ಕೇಳಿ, ತಾಯಿಗೊಂದು ಉತ್ತರ ಸಿದ್ಧಮಾಡಿಕೊಡಬೇಕು ಎಂಬ ಅರ್ಥದ ಎರಡು ಸಾಲು ಇತ್ತು. ಸರಿಯಾದ ಸಾಲುಗಳೇ. ಹೊಗೆ ಇರಲಿಲ್ಲ, ಅಷ್ಟೆ.

ಕೊನೆಯ ಪರೀಕ್ಷೆಯಾದ ಮುಂದಿನ ತಿಂಗಳು ಅವಳೇ ಫೋನು ಮಾಡಿ ವೈದ್ಯನಾಥಪುರಕ್ಕೆ ಕರೆದಳು. ಅವತ್ತು ಬಾಯಿಗೆ ಬಂದದ್ದು ಹೇಳಿದ್ದೆ, ಆದರೂ ದೇವರ ಹೆಸರು ಬಂತಲ್ಲ, ತೀರಿಸಿಬಿಡುತ್ತೇನೆ ಎಂದಳು. ಮದ್ದೂರಿನಲ್ಲಿ ಇಳಿದು ಆಟೋ ಹಿಡಿದು ಹೋದೆ. ಹೊಳೆಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಅತ್ತಿಗೆಯೂ ತನ್ನ ಮಗಳ ಮುಡಿಯನ್ನು ಅಲ್ಲೇ ಕೊಟ್ಟಿದ್ದಳು. ಎರಡು ಬೋಳು ತಲೆ, ಎರಡಕ್ಕೂ ಗಂಧ ಹಚ್ಚಿ, ಒಂದೇ ಥಾನಿನ ಬಟ್ಟೆಯ ಎರಡು ಅಂಗಿ.

"ಬಂದ್ಯಾ ಕಣವ್ವ," ಎಂದರು ತಾಯಿ. "ನೋಡು, ಒಂದು ಅರಕೆಗೆ ಎರಡು ತಲೆ ಬೋಳಾದೊ. ಇಸ್ಕೊ ಇದನ್ನ, ಅವಳ ಕೈಗೆ ಕೊಡು, ನಾನು ತೀರ್ಥ ತರ್ತೀನಿ."

ಮಗುವನ್ನು ಚಾಚಿದರು. ನನ್ನ ಕೈ ಮೇಲೆ ಏಳಲಿಲ್ಲ.

"ಇದು ಯಾರ ಮಗು?" ಎಂದೆ.

"ಯಾರ್ದಾದ್ರೇನವ್ವ, ಕಚ್ಚದಿಲ್ಲ. ಇಸ್ಕೊ."

ಅವಳು ಮತ್ತು ಅವಳ ಅತ್ತಿಗೆ ಪಕ್ಕಪಕ್ಕ ಕೂತು ನನ್ನನ್ನೇ ನೋಡುತ್ತಿದ್ದರು. ಇಸಿದುಕೊಂಡೆ. ಗಂಧದ ತಣ್ಣನೆಯ ತಲೆ ನನ್ನ ಗಲ್ಲಕ್ಕೆ ತಾಗಿತು. ಭಾರವಿತ್ತು. ಕೊಡದೆ, ಸ್ವಲ್ಪ ಹೊತ್ತು ಹಾಗೇ ಎತ್ತಿಕೊಂಡು ನಿಂತೆ.