ನೀಲಿ ಗಾಜು ಇಲ್ಲದ ಬೆಳಕು

ಸೀರೆ ಅಂಗಡಿಯ ಬೆಳಕನ್ನು ಅವ್ವ ನಂಬಿದವಳೇ ಅಲ್ಲ. ಸಿಂಧನೂರಿಗೆ ಹೋದಾಗಲೆಲ್ಲ ಸೀರೆ ಹಿಡಿದು ಬಾಗಿಲಿಗೆ ಬಂದು, ಬಿಸಿಲಿಗೆ ಸೆರಗು ಬಿಡಿಸಿ ನೋಡಿದ ಮೇಲೆಯೇ ಮಾತು. "ಒಳಗ ಎಲ್ಲಾ ಸೀರೀನೂ ಚಂದ ಕಾಣ್ತಾವ ರೀ," ಎಂದು ಅಂಗಡಿಯವನಿಗೇ ಹೇಳುತ್ತಿದ್ದಳು. ನನಗೋ ನಾಚಿಕೆ.

ಅಂಥವಳ ಮಗಳು ನಾನು, ಮಸ್ಕಿಯ ಒಂದು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ರಕ್ತಪರೀಕ್ಷೆ ಮಾಡುವವಳು. ನಮ್ಮದು ಹಳೆಯ ಬಲ್ಬಿನ ಯಂತ್ರ. ಅದರ ಬೆಳಕು ಹಳದಿ. ಬಿಳಿಯಾಗಬೇಕೆಂದರೆ ಮೇಲೊಂದು ನೀಲಿ ಗಾಜು ಇಡಬೇಕು. ಈ ಬೇಸಿಗೆಯಲ್ಲಿ ಆ ಗಾಜು ಒಡೆಯಿತು. ತರಿಸೋಣ, ತರಿಸೋಣ ಅನ್ನುತ್ತಲೇ ಕಾಲ ಕಳೆದೆ. ಸಾಲದ್ದಕ್ಕೆ, ಬಲ್ಬು ಬಾಳಿಕೆ ಬರಲಿ ಎಂದು ಬೆಳಕನ್ನೂ ತಗ್ಗಿಸಿಡುತ್ತಿದ್ದೆ. ತಗ್ಗಿಸಿದಷ್ಟೂ ಅದು ಇನ್ನಷ್ಟು ಹಳದಿ. ಆದರೆ ಕಣ್ಣು ಮಹಾ ಸೋಮಾರಿ, ಸ್ವಲ್ಪ ಹೊತ್ತಿನಲ್ಲೇ ಆ ಹಳದಿಯನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ.

ಮಳೆ ಶುರುವಾದಾಗ ಅವ್ವ ಪಾಮನಕಲ್ಲೂರಿನಿಂದ ಚಳಿಜ್ವರ ಹೊತ್ತು ಬಂದಳು. ನಾನೇ ಬೆರಳು ಚುಚ್ಚಿ, ಸ್ಲೈಡಿಗೆ ರಕ್ತ ಸವರಿ, ಬಣ್ಣ ಹಾಕಿ ನೋಡಿದೆ. ಮಲೇರಿಯಾ ಇದ್ದರೆ ರಕ್ತಕಣದೊಳಗೆ ತೆಳುವಾದ ನೀಲಿ ಉಂಗುರ ಕಾಣಬೇಕು. ಕಾಣಲಿಲ್ಲ.

"ಮಲೇರಿಯಾ ಇಲ್ಲ ಬೇ ಯವ್ವಾ. ಬರೇ ಜ್ವರ," ಎಂದೆ.

ಲಿಂಗಸುಗೂರಿನ ದವಾಖಾನೆಗೆ ಹೋಗೋಣವೆಂದು ಅಪ್ಪ ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. "ನನ್ನ ಮಗಳು ನೋಡ್ಯಾಳ. ಇನ್ನ ಯಾರಿಗೆ ತೋರಿಸ್ಬೇಕು?"

ಜ್ವರ ಬಿಟ್ಟು ಬಿಟ್ಟು ಬಂತು. ಒಂದು ಮಧ್ಯಾಹ್ನ ಗಡಗಡ ನಡುಗುತ್ತಾ ಅವಳು ನನ್ನನ್ನೇ ಗುರುತಿಸಲಿಲ್ಲ. ಲಿಂಗಸುಗೂರಿಗೆ ಒಯ್ದೆವು. ಹೋಗುವಾಗ ನಾನು ನೋಡಿದ್ದ ಸ್ಲೈಡನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. ಅಲ್ಲಿಯದು ಬಿಳಿ ಎಲ್‌ಇಡಿ ಬೆಳಕಿನ ಹೊಸ ಸೂಕ್ಷ್ಮದರ್ಶಕ. ಕೇಳಿಕೊಂಡು ಅದರಡಿ ನನ್ನ ಸ್ಲೈಡನ್ನೇ ಇಟ್ಟೆ. ನೀಲಿ ಉಂಗುರಗಳಿದ್ದವು. ಹುಡುಕುವುದೇ ಬೇಕಿರಲಿಲ್ಲ. ನನ್ನ ಹಳದಿ ಬೆಳಕು ಅವನ್ನು ನುಂಗಿತ್ತು.

"ಮಲೇರಿಯಾ," ಎಂದಷ್ಟೇ ಹೇಳಿದೆ. ಅದು ನಾನೇ "ಇಲ್ಲ" ಎಂದಿದ್ದ ಹಳೆಯ ಸ್ಲೈಡು ಎಂದು ಅಪ್ಪನಿಗಾಗಲಿ ಅವ್ವನಿಗಾಗಲಿ ಹೇಳಲಿಲ್ಲ. ಔಷಧಿ ಬಿತ್ತು, ಅವ್ವ ಉಳಿದಳು. ಮರುದಿನವೇ ನೀಲಿ ಗಾಜು ತಂದಿಟ್ಟೆ. ನನ್ನಿಂದ "ಇಲ್ಲ" ಅನ್ನಿಸಿಕೊಂಡು ಹೋದವರಲ್ಲಿ ಸಿಕ್ಕಷ್ಟು ಜನರನ್ನು ಮತ್ತೆ ಕರೆಸಿದೆ. ಸಿಗದವರ ಹೆಸರುಗಳನ್ನು ರಿಜಿಸ್ಟರಿನಲ್ಲಿ ಇನ್ನೂ ತೆಗೆದು ನೋಡುತ್ತಿರುತ್ತೇನೆ. ಅಪ್ಪ ಮಾತ್ರ ಊರೆಲ್ಲ ಹೇಳಿಕೊಂಡು ಬಂದ: "ಮಲೇರಿಯಾನ ಡಾಕ್ಟರಕಿಂತ ಮೊದಲ ನಮ್ಮ ಮಗಳ ಹಿಡದಾಳ ನೋಡ್ರಿ."

ದಸರೆಗೆ ಅವ್ವನನ್ನು ಸಿಂಧನೂರಿಗೆ ಕರೆದೊಯ್ದೆ. ಸೀರೆ ಆರಿಸಿದಳು. ಇನ್ನೇನು ಬಾಗಿಲಿಗೆ ಹೊರಡುತ್ತಾಳೆ ಎಂದು ಕಾದೆ. ಅವಳು ಕೂತಲ್ಲಿಂದ ಏಳಲಿಲ್ಲ. ಸೀರೆಯನ್ನು ನನ್ನ ತೊಡೆಯ ಮೇಲೆ ಹಾಕಿದಳು.

"ನೀನ ನೋಡಿ ಹೇಳು. ನೀ ಇರೂವಾಗ ನನಗ್ಯಾಕ ಬಿಸಿಲು?"

ಸೀರೆ ಎತ್ತಿಕೊಂಡು ನಾನೇ ಬಾಗಿಲಿಗೆ ಹೋದೆ. ಬಿಸಿಲಿನಲ್ಲಿ ಬಹಳ ಹೊತ್ತು ನಿಂತೆ. ಒಳಗೆ ಕೂತವಳ ಕಡೆ ತಿರುಗದೆ ಸೆರಗನ್ನು ಮತ್ತೆ ಮತ್ತೆ ಬಿಡಿಸಿ ನೋಡಿದೆ.