ಪರಾತದಲ್ಲಿ ಹಿಟ್ಟಿರುವಾಗಲೇ ಏಳುವುದು

ಮೊನ್ನೆ ಪಕ್ಕದ ಮನೆಯಿಂದ ಟಪಟಪ ರೊಟ್ಟಿ ಬಡಿಯುವ ಸದ್ದು ಕೇಳಿದ್ದೇ ತಡ, ನನ್ನ ಕೈ ತಾನಾಗಿಯೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿತು. ಹನ್ನೆರಡು ವರ್ಷದಿಂದ ಜೊತೆಗಿರುವ ಕಾಯಿಲೆ ಕಲಿಸಿದ್ದೆಲ್ಲ ಆ ಸದ್ದಿಗೆ ಮರೆತುಹೋಗುತ್ತದೆ ನೋಡಿ!

ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಮದುವೆ ಬಂತೆಂದರೆ ಹೆಂಗಸರೆಲ್ಲ ಸೇರಿ ಜೋಳದ ಖಟಕ್ ರೊಟ್ಟಿ ಬಡಿದು ಬುಟ್ಟಿಗಟ್ಟಲೆ ಒಟ್ಟುತ್ತೇವೆ. ಅದಕ್ಕೊಂದು ಕಟ್ಟಳೆಯೂ ಉಂಟು: ಕೂತವಳು ಹಿಟ್ಟು ನಾದುವ ತನ್ನ ಅಗಲ ಪರಾತ ಖಾಲಿಯಾಗುವ ತನಕ ಏಳಬಾರದು. ಎದ್ದರೆ ಕೈಯಲ್ಲಿ ಕಸುವಿಲ್ಲದವಳು ಎಂದೇ ಲೆಕ್ಕ. ಬಾಗಳಿಯಿಂದ ಸೊಸೆಯಾಗಿ ಬಂದ ನಾನೋ, ಎರಡು ಪರಾತ ಮುಗಿಸಿ ಮೂರನೆಯದಕ್ಕೆ ಕೈ ಚಾಚುತ್ತಿದ್ದ ಜಂಬದ ಕೋಳಿ.

ಆಮೇಲೆ ಒಂದು ಜ್ವರ ಬಂತು. ಜ್ವರ ಹೋಯಿತು, ದಣಿವು ಉಳಿಯಿತು. ರಾತ್ರಿಯೆಲ್ಲ ಮಲಗಿ ಎದ್ದರೂ ಹೊಲ ಹರಗಿ ಬಂದಂಥ ಮೈ. ದಾವಣಗೆರೆಗೆ ಹೋಗಿ ರಕ್ತ ಕೊಟ್ಟೂ ಕೊಟ್ಟೂ ಸಾಕಾಯಿತು, ರಿಪೋರ್ಟೆಲ್ಲ ಚೊಕ್ಕ! ಕೊನೆಗೊಬ್ಬ ಡಾಕ್ಟರಮ್ಮ, ಇದು ದೀರ್ಘಕಾಲದ ದಣಿವಿನ ಕಾಯಿಲೆ, ಮೈ ಮೀರಿ ದುಡಿದರೆ ಒಂದೆರಡು ದಿನ ಬಿಟ್ಟು ಕೆಡವುತ್ತದೆ ಎಂದರು. ಅತ್ತೆ ನಕ್ಕುಬಿಟ್ಟರು: “ದಣಿವಿಗೂ ಒಂದು ಹೆಸರೇನವ್ವ? ಹಂಗಾರ ಹೊಲಕ್ಕ ಹೋಗೋರಿಗೆಲ್ಲ ಐತಿ ಈ ಬ್ಯಾನಿ!” ನನಗೆ ನಗುವೂ ಬಂತು, ಅಳುವೂ ಬಂತು.

ನನ್ನನ್ನು ನಂಬಲಿ ಎಂಬುದೊಂದೇ ಆಸೆ. ಅದಕ್ಕಾಗಿ ಮಾಡಿದ್ದೇನು ಗೊತ್ತೆ? ಯಾರೂ ನಂಬದಂತೆ ನಡೆದುಕೊಂಡದ್ದು! ಪಕ್ಕದ ಮನೆ ಶಾಂತಕ್ಕನ ಮಗಳ ಮದುವೆಗೆ, ಮೈ ಹಗುರವಿದ್ದ ದಿನ ನೋಡಿ, ಪೂರ್ತಿ ಒಂದು ಪರಾತ ಬಡಿದೆ.

“ನೋಡ್ರಿ, ಎಷ್ಟು ಚಲೋ ಅದಾಳ. ಮನ್ಯಾಗ ಯಾಕ ಮಕ್ಕೊಂತಾಳೋ ಏನೋ!” ಎಂದಳು ಶಾಂತಕ್ಕ, ಎಲ್ಲರೆದುರು.

ಮೂರನೆಯ ದಿನ ನನ್ನಿಂದ ಲೋಟ ಎತ್ತಲಾಗಲಿಲ್ಲ. ಮದುವೆಗೆ ಹೋಗುವುದೇ ತಪ್ಪಿತು. ಮಾರನೆಯ ದಿನ ಬುಂದಿ ಕೊಡಲು ಬಂದ ಶಾಂತಕ್ಕ, ಅತ್ತೆ ನನ್ನ ತಲೆ ಎತ್ತಿ ಹಿಡಿದು ಗಂಜಿ ಕುಡಿಸುವುದನ್ನು ಬಾಗಿಲಲ್ಲೇ ನಿಂತು ನೋಡಿದಳು.

ಅಲ್ಲಿಂದ ಕಲಿಯತೊಡಗಿದೆ. ಸಾರಿಗೂ ಅನ್ನಕ್ಕೂ ನಡುವೆ ಅರ್ಧ ಗಂಟೆ ಒರಗುವುದು. ತಲೆ ಎರೆದುಕೊಂಡ ದಿನ ಬೇರೆ ಯಾವ ಘನಕಾರ್ಯಕ್ಕೂ ಕೈ ಹಾಕದಿರುವುದು. ತಲೆ ಎರೆದುಕೊಂಡದ್ದೇ ಅಂದಿನ ಘನಕಾರ್ಯ. ಆದರೆ ರೊಟ್ಟಿಗೆ ಕೂರುವುದನ್ನು ಬಿಟ್ಟೇಬಿಟ್ಟಿದ್ದೆ. ನಡುವೆ ಏಳುವುದಕ್ಕಿಂತ ಹೋಗದಿರುವುದೇ ಮರ್ಯಾದೆ ಎಂಬ ಹಟ.

ಮೊನ್ನೆ ಹೋದೆ. ಶಾಂತಕ್ಕನ ಮಗನ ಮದುವೆ. ಆರು ರೊಟ್ಟಿ ಬಡಿದೆ. ಚೂರೂ ದಣಿವಿರಲಿಲ್ಲ, ಇನ್ನು ಹತ್ತಾದರೂ ಆಗುತ್ತಿದ್ದವು. ನಾನು ನಂಬಬಾರದ್ದು ಆ ಗಳಿಗೆಯನ್ನೇ. ಹಿಟ್ಟು ಹಾಗೇ ಬಿಟ್ಟು ಎದ್ದೆ. ಎಲ್ಲರ ಕೈಗಳೂ ನಿಂತವು.

ಪಕ್ಕದಲ್ಲಿದ್ದ ಹೊಸ ಸೊಸೆಯೊಬ್ಬಳು ಕೇಳಿದಳು: “ಯಾಕ್ರಿ ಅಕ್ಕಾರ, ಸುಸ್ತಾತೇನ್ರಿ?”

“ಇಲ್ಲವ್ವ. ಆಗಬಾರ್ದು ಅಂತ ಎದ್ದೆ.”

ಶಾಂತಕ್ಕ ನನ್ನ ಪರಾತವನ್ನು ತನ್ನತ್ತ ಎಳೆದುಕೊಂಡಳು. “ಹೋಗವ್ವ, ಹೋಗಿ ಮಕ್ಕೊ. ಮಗಳ ಮದುವ್ಯಾಗ ನೀನಿರಲಿಲ್ಲ. ಮಗನ ಮದುವ್ಯಾಗ ನನಗ ನೀ ಬೇಕು.”

ಇವತ್ತು ಮದುವೆ. ಬೆಳಿಗ್ಗೆ ನಾನೇ ಎದ್ದು, ನಾನೇ ಜಡೆ ಹೆಣೆದುಕೊಂಡು, ರೇಷ್ಮೆ ಸೀರೆ ಉಟ್ಟು ಅತ್ತೆಯನ್ನು ಕರೆಯಲು ಹೋದೆ. ಅವರಿನ್ನೂ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಈ ಸಲ ಎಬ್ಬಿಸುವ ಸರದಿ ನನ್ನದು.